ಕಾಮಾಲೆ ಮದ್ದಿನವಳ ಹೊಟ್ಟೆಯ ಕಲ್ಲು

ಹದಿನಾಲ್ಕು ವರ್ಷ ನಾನು ಕಾಮಾಲೆಗೆ ಮದ್ದು ಕೊಟ್ಟವಳು. ಹಾಗಾಗಿ ನನ್ನದೇ ಕಣ್ಣು ಹಳದಿಯಾದಾಗ ನಮ್ಮೂರು ಮಂಕಿಯಲ್ಲಿ ಮುಸಿಮುಸಿ ನಕ್ಕವರು ಕಡಿಮೆಯೇನಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಗಟ್ಟಿಯಾಗಿ ನಗುತ್ತಿದ್ದೆ.

ನನ್ನ ಹೆಸರು ಮಾದೇವಿ. ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಪೇಪರು ಬಿಡಿಸಿಡುವುದು, ಹೊಸ ಪುಸ್ತಕಕ್ಕೆ ಸೀಲು ಹೊಡೆಯುವುದು, ಪರೀಕ್ಷೆಗೆ ಓದುವ ಹುಡುಗಿಯರು ಗುಸುಗುಸು ಶುರು ಮಾಡಿದರೆ ಗದರುವುದು, ಇಷ್ಟೇ ಕೆಲಸ. ಗಂಡ ಗಣಪತಿ ಹೊನ್ನಾವರದಿಂದ ಭಟ್ಕಳಕ್ಕೆ ಟೆಂಪೋ ಓಡಿಸುತ್ತಾರೆ. ನಮಗೆ ಮಕ್ಕಳಿಲ್ಲ. ಮನೆಯಲ್ಲಿರುವ ಮೂರನೆಯವರು ನನ್ನ ಅತ್ತೆ ಹೊನ್ನಮ್ಮ. ಮದ್ದು ಅವರ ತವರಿನಿಂದ ಬಂದದ್ದು. ಮೊಣಕಾಲು ಸೋತು ಗದ್ದೆ ಅಂಚಿಗೆ ಹೋಗಿ ಸೊಪ್ಪು ತರಲಾಗದೆ ಹೋದಾಗ ಅವರು ಅದನ್ನು ನನಗೆ ಕಲಿಸಿಕೊಟ್ಟರು.

ಸೊಪ್ಪಿನ ಹೆಸರು ಇಲ್ಲಿ ಬರೆಯುವುದಿಲ್ಲ. ಹಿಂದೆಯಾದರೆ ಹೆಸರು ಹೇಳಿದರೆ ಗುಣ ಹೋಗುತ್ತದೆ ಎನ್ನುತ್ತಿದ್ದೆ. ಈಗ ಬರೆಯದಿರುವುದಕ್ಕೆ ಕಾರಣ ಬೇರೆ. ಓದಿದವರಲ್ಲಿ ಒಬ್ಬರಾದರೂ ಹೋಗಿ ಕಿತ್ತು ತರುತ್ತಾರೆ. ನಮ್ಮ ಜನ ನನಗೆ ಗೊತ್ತು.

ಮದ್ದಿಗೆ ಕಟ್ಟುಪಾಡು ಇತ್ತು. ರವಿವಾರ ಇಲ್ಲವೇ ಗುರುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ಶುರು ಮಾಡಬೇಕು. ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದೆ. ಏಳು ದಿನ ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ಬರೀ ಗಂಜಿ. ದುಡ್ಡು ಮುಟ್ಟುವಂತಿಲ್ಲ. ಮತ್ತೊಂದು ಮಾತು ಇತ್ತು, ಅದನ್ನು ಬಂದವರಿಗೆಲ್ಲ ಮೂರು ಮೂರು ಸಲ ಹೇಳುತ್ತಿದ್ದೆ: ನನ್ನ ಮದ್ದು ನಡೆಯುವಾಗ ಡಾಕ್ಟರ ಮದ್ದು ಕೂಡದು, ಎರಡು ಮದ್ದು ಒಂದು ಹೊಟ್ಟೆಯಲ್ಲಿ ಕೂಡಿದರೆ ಒಂದನ್ನೊಂದು ಕಡಿಯುತ್ತವೆ. ಹಿರೇಗುತ್ತಿಯಿಂದ, ಶಿರಾಲಿಯಿಂದ, ಭಟ್ಕಳದ ಪೇಟೆಯಿಂದಲೂ ಜನ ಬರುತ್ತಿದ್ದರು. ಹೆಚ್ಚಿನವರಿಗೆ ಗುಣವಾಗುತ್ತಿತ್ತು. ಗುಣವಾದವರು ತೆಂಗಿನಕಾಯಿ ತಂದು ಜಗಲಿಯಲ್ಲಿಟ್ಟು ಕೈ ಮುಗಿಯುತ್ತಿದ್ದರು. ಕೈ ಮುಗಿಸಿಕೊಳ್ಳುವುದು ದುಡ್ಡಿಗಿಂತ ದೊಡ್ಡ ಚಟ ಎಂದು ಆಗ ನನಗೆ ಗೊತ್ತಿರಲಿಲ್ಲ.

ನನ್ನ ಹೊಟ್ಟೆನೋವು ಶುರುವಾದದ್ದು ಒಂದು ಹೊಸಮನೆ ಒಕ್ಕಲಿನ ಊಟದ ನಂತರ. ಕೊಟ್ಟೆ ರೊಟ್ಟಿ, ಕೋಳಿ ಸಾರು. ಬೇಡ ಬೇಡ ಎನ್ನುತ್ತಲೇ ಮೂರು ಸಲ ಹಾಕಿಸಿಕೊಂಡಿದ್ದೆ. ಮನೆಗೆ ಬಂದು ಸೀರೆ ಬಿಚ್ಚಿಡುವಷ್ಟರಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಹಿಡಿದು ತಿರುಚಿದ ಹಾಗಾಯಿತು. ನೋವು ಅಲ್ಲೇ ನಿಲ್ಲದೆ ಬೆನ್ನು ಹತ್ತಿ ಬಲ ಹೆಗಲಿನವರೆಗೂ ಹೋಯಿತು. ಕೂತರೂ ಆಗದು, ಮಲಗಿದರೂ ಆಗದು. ಎರಡು ತಾಸು ಗೋಡೆ ಹಿಡಿದು ನಿಂತೆ. ವಾಂತಿಯಾದ ಮೇಲೆ ಅದು ಬಂದ ಹಾಗೇ ಹೋಯಿತು.

"ಗ್ಯಾಸು," ಎಂದರು ಪಕ್ಕದ ಮನೆಯವರು. "ಗ್ಯಾಸೇ," ಎಂದ ಮೆಡಿಕಲ್ ಶಾಪಿನವನು. ಆರು ತಿಂಗಳು ಗ್ಯಾಸಿನ ಗುಳಿಗೆ ನುಂಗಿದೆ. ಬಜ್ಜಿ ತಿಂದ ದಿನ, ಮೊಟ್ಟೆ ತಿಂದ ದಿನ ನೋವು ಬರುತ್ತಿತ್ತು. ಒಮ್ಮೆ ಲೈಬ್ರರಿಯಲ್ಲೇ ಬಂತು. ಮೇಜಿನ ಕೆಳಗೆ ಮುದುಡಿ ಕೂತವಳನ್ನು ನೋಡಿ ಓದುವ ಹುಡುಗಿಯೊಬ್ಬಳು ನೀರು ತಂದುಕೊಟ್ಟಳು. ನನ್ನ ತಲೆಯ ಹಿಂದಿನ ಕಪಾಟಿನಲ್ಲಿ ಆರೋಗ್ಯದ ಪುಸ್ತಕಗಳ ಒಂದು ಸಾಲೇ ಇದೆ. ಅಷ್ಟೂ ಪುಸ್ತಕಕ್ಕೆ ನಾನೇ ಸೀಲು ಹೊಡೆದದ್ದು. ಒಂದನ್ನೂ ಬಿಡಿಸಿ ನೋಡಿರಲಿಲ್ಲ. ಕಾಮಾಲೆ ಮದ್ದು ಕೊಡುವವಳಿಗೆ ಪುಸ್ತಕ ಯಾಕೆ.

ಆಮೇಲೆ ಒಂದು ಬೆಳಿಗ್ಗೆ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೈಯೆಲ್ಲ ತುರಿಕೆ. ಅತ್ತೆ ಚಹಾ ಕೊಡಲು ಬಂದವರು ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು.

"ಕಣ್ಣು ತೆಗಿ."

ತೆಗೆದೆ. ಅವರು ಬಹಳ ಹೊತ್ತು ನೋಡಿದರು. ಹಳದಿ ನೋಡಿ ನೋಡಿ ಪಳಗಿದ ಕಣ್ಣು ಅದು.

"ಹೊನ್ನಾವರಕ್ಕೆ ಹೋಗು," ಎಂದರು. "ಡಾಕ್ಟ್ರಿಗೆ ತೋರ್ಸು."

"ಎಂತಕ್ಕೆ? ಮದ್ದು ನಮ್ಮ ಮನೇಲೇ ಇಲ್ವಾ?"

"ನಾ ಹೇಳುದು ಕೇಳು. ಈ ಸೊಪ್ಪು ಬೇಡ."

ಆಗ ನಾನು ಒಂದು ಮಾತು ಆಡಿದೆ. ಈ ಬರಹವನ್ನು ಬರೆಯಲು ಕೂತದ್ದೇ ಆ ಮಾತಿನ ಸಲುವಾಗಿ. "ಹೆದರ್ಬೇಡಿ ಅತ್ತೆ," ಎಂದೆ. "ನಾ ಪಥ್ಯ ಮುರಿಯುವವಳಲ್ಲ."

ಅತ್ತೆ ಚಹಾದ ಲೋಟವನ್ನು ಕೆಳಗಿಟ್ಟು ಒಳಗೆ ಹೋದರು.

ಆ ಮಾತು ಎಲ್ಲಿ ಹೋಗಿ ನಾಟಿತು ಎಂದು ಹೇಳಬೇಕಾದರೆ ಕುಸುಮನ ವಿಷಯ ಹೇಳಬೇಕು. ಕುಸುಮ ಅತ್ತೆಯ ಮಗಳು, ನನ್ನ ನಾದಿನಿ. ಶಿರಾಲಿಗೆ ಕೊಟ್ಟಿತ್ತು. ಗಂಡ ಮೀನಿನ ಬೋಟಿಗೆ ಹೋಗುವವನು, ವಾರಗಟ್ಟಲೆ ಮನೆಯಲ್ಲಿರುತ್ತಿರಲಿಲ್ಲ. ನನ್ನ ಕಾಯಿಲೆಗೆ ಎರಡು ವರ್ಷ ಮೊದಲು ಅವಳು ಕಣ್ಣು ಹಳದಿ ಮಾಡಿಕೊಂಡು ತವರಿಗೆ ಬಂದಳು. ಚೀಲದಲ್ಲಿ ಒಂದು ದೊಡ್ಡ ಕವರು. ಭಟ್ಕಳದಲ್ಲಿ ಸ್ಕ್ಯಾನಿಂಗ್ ಮಾಡಿಸಿದ್ದಳು.

"ಅತ್ಗೆ, ಕಲ್ಲು ಇದೆ ಅಂದ್ರು. ಉಡುಪಿ ಬದಿಗೆ ದೊಡ್ಡ ಆಸ್ಪತ್ರೆಗೆ ಬೇಗ ಹೋಗ್ಬೇಕಂತೆ. ಸೋಮವಾರ ಬರುಕೆ ಹೇಳಿದಾರೆ."

ಕವರನ್ನು ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇತ್ತು. ಕಲ್ಲು ಎಂದರೆ ಮೂತ್ರದ ಕಲ್ಲು, ಅದಕ್ಕೂ ಕಾಮಾಲೆಗೂ ಎಂತ ಸಂಬಂಧ ಎಂದುಕೊಂಡೆ. ಮೊದಲು ಕಾಮಾಲೆ ಇಳಿಯಲಿ, ಕಲ್ಲಿಗೆ ಆಮೇಲೆ ಬಾಳೆದಿಂಡಿನ ರಸ ಕುಡಿದರಾಯಿತು ಎಂದೆ. ಕೊಟ್ಟ ಗುಳಿಗೆಗಳನ್ನೂ ಬಿಡಿಸಿದೆ. ಸೋಮವಾರ ಹೋಗಬೇಕಾದವಳನ್ನು ಏಳು ದಿನದ ಮದ್ದು ಮುಗಿಯಲಿ ಎಂದು ನಿಲ್ಲಿಸಿಕೊಂಡೆ. ಅವಳಿಗೆ ನನ್ನ ಮೇಲೆ ಆಸ್ಪತ್ರೆಗಿಂತ ಹೆಚ್ಚು ನಂಬಿಕೆ. ಅತ್ಗೆ ಹೇಳಿದ ಮೇಲೆ ಆತು ಎಂದಳು.

ಮೂರನೇ ದಿನ ಹಿತ್ತಿಲ ತಿಪ್ಪೆಯಲ್ಲಿ ಬಾಳೆಲೆಯ ತುಂಡು, ಅದರಲ್ಲಿ ಬಂಗಡೆಯ ಮುಳ್ಳು ಕಂಡಿತು. ಮಗಳು ಉಪ್ಪಿಲ್ಲದ ಗಂಜಿ ನೋಡಿ ಕಣ್ಣೀರು ಹಾಕುತ್ತಾಳೆ ಎಂದು ಅತ್ತೆ ಒಂದು ತುಂಡು ಮೀನು ಉಣ್ಣಿಸಿದ್ದರು. ನಾನು ಅಂದು ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಐದನೇ ದಿನ ಕುಸುಮನಿಗೆ ಚಳಿಜ್ವರ ಹಿಡಿಯಿತು. ಹಲ್ಲು ಕಟಕಟ ಎನ್ನುತ್ತಿತ್ತು. ಪಥ್ಯ ಮುರಿದದ್ದರಿಂದ ಹೀಗೆ, ಮದ್ದು ಮತ್ತೆ ಮೊದಲಿಂದ ಶುರು ಮಾಡಬೇಕು ಎಂದೆ. ಒಂಬತ್ತನೇ ದಿನ ಮಾತು ತೊದಲಿತು. ನನ್ನ ಗಂಡ ತಂಗಿಯನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಹೊರಟರು. ಬೈಂದೂರು ದಾಟಲಿಲ್ಲ.

ಹೆಣ ಅಂಗಳಕ್ಕೆ ಬಂದಾಗ ಊರಿಗೆ ಊರೇ ಸೇರಿತ್ತು. ಎಲ್ಲರೂ ಕುಸುಮನನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳುವ ಮೊದಲೇ ನಾನು ಹೇಳಿದೆ: "ಮೂರ್ನೇ ದಿನಕ್ಕೇ ಮೀನು ಹಾಕಿದ್ರು. ಪಥ್ಯ ಮುರಿದ್ಮೇಲೆ ಮದ್ದು ಎಂತ ಮಾಡ್ತದೆ?" ಆಗ ಎಲ್ಲರ ಕಣ್ಣೂ ಅತ್ತೆಯ ಕಡೆ ತಿರುಗಿತು. ನನ್ನ ಎದೆ ಹಗುರಾಯಿತು. ನಿಜವನ್ನೇ ಬರೆಯುತ್ತಿದ್ದೇನೆ, ನಾದಿನಿಯ ಹೆಣದ ಮುಂದೆ ನಿಂತು ನನ್ನ ಎದೆ ಹಗುರಾಯಿತು.

ಅಂದಿನಿಂದ ಅತ್ತೆ ಮೀನು ಬಿಟ್ಟರು. ಸಮುದ್ರದ ಬದಿಯಲ್ಲಿ ಹುಟ್ಟಿ ಬೆಳೆದು, ಮೀನಿಲ್ಲದಿದ್ದರೆ ಅನ್ನವನ್ನು ದೂರ ಸರಿಸುತ್ತಿದ್ದ ಹೆಂಗಸು. ಮೀನಿನ ಪಾತ್ರೆಯನ್ನೂ ಮುಟ್ಟುತ್ತಿರಲಿಲ್ಲ. ಊರವರು ಎದುರಿಗೆ ಏನೂ ಅನ್ನುತ್ತಿರಲಿಲ್ಲ, ಪಥ್ಯ ಕೆಡಿಸಿಯಾರು ಎಂದು ಬಾಣಂತಿಯರ ಮನೆಗೆ ಮಾತ್ರ ಅವರನ್ನು ಕರೆಯುವುದು ನಿಂತಿತು. ನನ್ನ ಹತ್ತಿರ ಮದ್ದಿಗೆ ಬರುವವರು ಮೊದಲಿನ ಹಾಗೇ ಬರುತ್ತಿದ್ದರು. ಪಥ್ಯದ ವಿಷಯ ಬಂದಾಗ ನಾನು ದನಿ ತಗ್ಗಿಸಿ, ನಮ್ಮನೆಯಲ್ಲೇ ಆದದ್ದು ಕೇಳಿದ್ದೀರಲ್ಲ, ಎನ್ನುತ್ತಿದ್ದೆ. ಅತ್ತೆ ಜಗಲಿಯಲ್ಲೇ ಇರುತ್ತಿದ್ದರು. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಇಂಥ ಹೆಂಗಸಿಗೆ ನಾನು ಪಥ್ಯ ಮುರಿಯುವವಳಲ್ಲ ಎಂದೆ. ಹಾಗೆ ಅಂದು ನನ್ನ ಸೊಪ್ಪನ್ನು ನಾನೇ ಅರೆದು ಕುಡಿದೆ.

ಐದು ದಿನ ಕುಡಿದೆ. ಉಪ್ಪಿನ ಒಂದು ಹರಳು ನಾಲಿಗೆಗೆ ಸೋಕಲಿಲ್ಲ. ನನ್ನಷ್ಟು ಚೊಕ್ಕವಾಗಿ ಪಥ್ಯ ಮಾಡಿದ ರೋಗಿ ನನಗೆ ಸಿಕ್ಕಿರಲಿಲ್ಲ. ಹಳದಿ ಮಾತ್ರ ಕಣ್ಣಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಅಂಗೈಗೆ ಇಳಿಯಿತು. ಮಲ ಬಿಳಿ ಜೇಡಿಮಣ್ಣಿನ ಹಾಗೆ ಹೋಗುತ್ತಿತ್ತು. ತುರಿಸಿ ತುರಿಸಿ ತೋಳಿನಲ್ಲಿ ರಕ್ತ ಬಂತು. ಐದನೇ ದಿನ ಮಧ್ಯಾಹ್ನ ಬಿಸಿಲಲ್ಲಿ ಕೂತಿದ್ದವಳಿಗೆ ಚಳಿ ಹಿಡಿಯಿತು. ಮೂರು ಚಾದರ ಹೊದೆಸಿದರೂ ಹಲ್ಲು ನಿಲ್ಲಲಿಲ್ಲ. ಆ ಕಟಕಟ ಸದ್ದನ್ನು ನಾನು ಮೊದಲೂ ಕೇಳಿದ್ದೆ. ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅವರೂ ಅದನ್ನು ಮೊದಲು ಕೇಳಿದವರೇ.

"ಏಳು," ಎಂದರು. "ಟೆಂಪೋ ಹತ್ತು. ಮಾತು ಬೇಡ."

ಹೊನ್ನಾವರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನ್ನ ಸರದಿಗೆ ಮೊದಲು ಹನ್ನೊಂದು ಜನ ಇದ್ದರು. ಅರ್ಧಕ್ಕರ್ಧ ಬಸುರಿಯರು. ಹೊಟ್ಟೆ ತುಂಬ ನೀರು ಕುಡಿದು ಒತ್ತಿಕೊಂಡು ಕೂತವರು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಮೂಲೆಯ ಕುರ್ಚಿ ಹಿಡಿದೆ. ಆದರೂ ಹಿರೇಗುತ್ತಿಯ ಹೆಂಗಸೊಬ್ಬಳು ಗುರುತು ಹಿಡಿದಳು.

"ನೀವು ಮಂಕಿ ಮಾದೇವಕ್ಕ ಅಲ್ವಾ? ಕಾಮಾಲೆ ಮದ್ದು ಕೊಡುವವ್ರು?" ಕೋಣೆ ತುಂಬ ಕೇಳುವ ಹಾಗೆ ಕೇಳಿದಳು. "ನನ್ನ ತಮ್ಮ ನಿಮ್ಮ ಮದ್ದಿಂದ್ಲೇ ಉಳ್ದಿದ್ದು ಮಾರಾಯ್ರೆ."

ಹನ್ನೊಂದು ಜನ ನನ್ನ ಕಡೆ ತಿರುಗಿದರು. ನನ್ನ ಕಣ್ಣು ಅರಿಶಿನದ ಕೊಂಬಿನ ಬಣ್ಣದಲ್ಲಿತ್ತು. ಅವಳು ನೋಡಿದಳು, ನೋಡಿದ ಮೇಲೆ ಅವಳ ಬಾಯಿ ತಾನಾಗಿ ಮುಚ್ಚಿತು.

"ಇವ್ರ ಶುಗರ್ ತೋರ್ಸುಕೆ ಬಂದದ್ದು," ಎಂದು ಗಂಡನ ಕಡೆ ಕೈ ತೋರಿಸಿದೆ. ಅಷ್ಟರಲ್ಲಿ ಜ್ವರದವಳೆಂದು ಸರದಿಗೆ ಮೊದಲೇ ಒಳಗಿನಿಂದ ನನ್ನ ಹೆಸರು ಕೂಗಿದರು.

ಹೊಟ್ಟೆಗೆ ತಣ್ಣನೆ ಅಂಟು ಹಚ್ಚಿ ಯಂತ್ರ ಆಡಿಸಿದ ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ನನ್ನ ಲೈಬ್ರರಿಗೆ ಬರುವ ಹುಡುಗಿಯರಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಪರದೆ ನೋಡುತ್ತಲೇ ಕೇಳಿದಳು.

"ಹಳದಿ ಆಗಿ ಎಷ್ಟು ದಿನ ಆತು?"

"ಐದು."

"ಐದು ದಿನ ಎಂತ ಮಾಡ್ತಾ ಇದ್ರಿ?"

 ಗಂಡ ಹೇಳಿದರು. ನಾನು ಕುಡಿದದ್ದನ್ನೂ ಹೇಳಿದರು, ಹದಿನಾಲ್ಕು ವರ್ಷದಿಂದ ಕೊಡುತ್ತಿರುವುದನ್ನೂ ಹೇಳಿದರು. ಅವಳ ಕೈ ಹೊಟ್ಟೆಯ ಮೇಲೆ ನಿಂತಿತು.

"ಪಿತ್ತಕೋಶದ ತುಂಬ ಕಲ್ಲಿದೆ," ಎಂದಳು. "ಅದ್ರಲ್ಲಿ ಒಂದು ಜಾರಿ ಪಿತ್ತ ಹರಿಯುವ ನಾಳದಲ್ಲಿ ಸಿಕ್ಕಿಬಿದ್ದಿದೆ. ಪಿತ್ತ ಹೊಟ್ಟೆಗೆ ಇಳೀದೆ ರಕ್ತಕ್ಕೆ ಹೋಗ್ತಾ ಇದೆ, ಅದ್ಕೇ ಹಳದಿ. ಒಳಗೆ ಸೋಂಕಾಗಿದೆ, ಅದ್ಕೇ ಚಳಿಜ್ವರ."

"ಮತ್ತೆ ನನ್ನ ಮದ್ದಿಂದ ಇಷ್ಟು ಜನಕ್ಕೆ ಗುಣ ಆದದ್ದು?" ಎಂದೆ. ಮಲಗಿಕೊಂಡು, ಹೊಟ್ಟೆ ಬತ್ತಲೆ ಮಾಡಿಕೊಂಡು, ವಾದಕ್ಕೆ ನಿಂತೆ.

"ಅವರಿಗೆ ಬಂದದ್ದು ಲಿವರಿಗೆ ಸೋಂಕಾಗಿ ಬರುವ ಕಾಮಾಲೆ. ಅದು ಹೆಚ್ಚಿನವರಿಗೆ ತಾನಾಗಿ ಇಳೀತದೆ. ನೀವು ಕೊಟ್ರೂ ಇಳೀತಿತ್ತು, ಕೊಡದಿದ್ರೂ ಇಳೀತಿತ್ತು." ಅವಳು ಟಿಶ್ಯೂ ತೆಗೆದು ನನ್ನ ಕೈಗೆ ಕೊಟ್ಟಳು. "ಕಲ್ಲು ನಿಂತ ಕಾಮಾಲೆ ಹಾಗಲ್ಲ. ಇನ್ನು ಎರಡು ದಿನ ಬಿಟ್ಟು ಬಂದಿದ್ರೆ ನನ್ನ ಕೈಲಿ ಎಂತದೂ ಇರ್ಲಿಲ್ಲ. ಈಗ್ಲೇ ಹೊರಡಿ."

ಹದಿನಾಲ್ಕು ವರ್ಷದ ಕೈಮುಗಿತವನ್ನು ಅವಳು ಹೊಟ್ಟೆಯ ಅಂಟಿನ ಜೊತೆಗೇ ಒರೆಸಿಹಾಕಿದಳು. ಆದರೆ ನನಗೆ ಆ ಹೊತ್ತಿಗೆ ಕಿವಿಯಲ್ಲಿ ಉಳಿದದ್ದು ಒಂದೇ ಶಬ್ದ, ಕಲ್ಲು. ಅತ್ಗೆ, ಕಲ್ಲು ಇದೆ ಅಂದ್ರು. ನಾನು ಗಂಡನ ಮುಖ ನೋಡಿದೆ. ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು.

ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಅವರೇ ಟೆಂಪೋ ಓಡಿಸಿಕೊಂಡು ಹೋದರು. ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿದ್ದರು. ಕುಸುಮನನ್ನು ಮಲಗಿಸಿದ್ದೂ ಅದೇ ಸೀಟಿನಲ್ಲಿ.  ಬೈಂದೂರು ದಾಟಿದ ಮೇಲೆ ಒಮ್ಮೆ ಗಾಡಿ ಬದಿಗೆ ನಿಲ್ಲಿಸಿ, ಹಿಂದೆ ತಿರುಗಿ, ನಾನು ಉಸಿರಾಡುತ್ತಿದ್ದೇನೋ ಇಲ್ಲವೋ ನೋಡಿದರು. ನೋಡಿ ಮತ್ತೆ ಗಾಡಿ ಎತ್ತಿದರು.

ಅಲ್ಲಿ ಬಾಯಿಯಿಂದ ಕೊಳವೆ ಇಳಿಸಿ, ನಾಳದಲ್ಲಿ ಸಿಕ್ಕಿದ್ದ ಕಲ್ಲನ್ನು ತೆಗೆದು, ಪಿತ್ತ ಹರಿಯಲಿ ಎಂದು ಒಂದು ಸಣ್ಣ ನಳಿಗೆ ಇಟ್ಟರು. ಹಾಗೆ ಹೇಳಿದರೆ ಸುಲಭ. ಹಲ್ಲಿನ ನಡುವೆ ಪ್ಲಾಸ್ಟಿಕ್ಕಿನ ಬಳೆ ಕಚ್ಚಿಸಿ, ಮಗ್ಗುಲಾಗಿ ಮಲಗಿಸಿ, ನಿದ್ದೆಯ ಮದ್ದು ಏರಿಸುವ ಮೊದಲಿನ ಆ ಹತ್ತು ನಿಮಿಷದಲ್ಲಿ ನಾನು ನೆನೆಯದ ದೇವರಿಲ್ಲ. ಎಚ್ಚರವಾದಾಗ ಗಂಟಲು ಸುಟ್ಟ ಹಾಗಿತ್ತು. ಹೆಗಲಿನ ನೋವು ಮಾತ್ರ ಹೋಗಿತ್ತು. ಈ ಕಾಯಿಲೆಯವರು ಯಾರಾದರೂ ಓದುತ್ತಿದ್ದರೆ ಹೇಳುತ್ತೇನೆ, ಹೆದರಿಕೆ ಆಗುವುದು ನಿಜ, ಆದರೆ ಅದು ಮುಗಿಯುತ್ತದೆ. ಮಾರನೇ ದಿನ ಮಲದ ಬಣ್ಣ ಮರಳಿ ಬಂದದ್ದನ್ನು ಕಂಡು ಪಾಯಿಖಾನೆಯಲ್ಲಿ ನಿಂತು ಅತ್ತವಳು ನಾನು.

ತುರಿಕೆ ಮಾತ್ರ ಕೂಡಲೇ ಬಿಡಲಿಲ್ಲ. ಪಕ್ಕದ ಮಂಚದಲ್ಲಿ ಭಟ್ಕಳದ ನವಾಯತ ಮುಸಲ್ಮಾನ ಮುದುಕಿಯೊಬ್ಬರಿದ್ದರು, ಖದೀಜಮ್ಮ. ಅವರದ್ದೂ ಪಿತ್ತದ ಕಲ್ಲೇ, ಆಪರೇಷನ್ನಾಗಿ ಎರಡು ದಿನವಾಗಿತ್ತು. ನಾನು ಬೆನ್ನನ್ನು ಮಂಚದ ಕಂಬಿಗೆ ಉಜ್ಜುವುದನ್ನು ನೋಡಲಾರದೆ ಎದ್ದು ಬಂದು, ತಮ್ಮ ಮರದ ಬಾಚಣಿಗೆಯಿಂದ ಬೆನ್ನು ಕೆರೆದುಕೊಟ್ಟರು. ಹೊಟ್ಟೆಯ ಹೊಲಿಗೆಗೆ ಒಂದು ಕೈ ಒತ್ತಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕೆರೆದರು. ಮೂರು ದಿನ ಹೀಗೆ ನಡೆಯಿತು. ನನ್ನ ಜೀವಮಾನದಲ್ಲಿ ನನಗೆ ಅಷ್ಟು ಸುಖ ಕೊಟ್ಟ ಕೈ ಬೇರೆ ಇಲ್ಲ.

ಅವರಿಗೆ ನಾನು ಎಲ್ಲವನ್ನೂ ಹೇಳಿದೆ. ಮದ್ದು, ಕುಸುಮ, ಕವರು, ಮೀನಿನ ಮುಳ್ಳು, ಅಂಗಳದಲ್ಲಿ ಆಡಿದ ಮಾತು. ಗುರುತಿಲ್ಲದವರ ಹತ್ತಿರ ಹೇಳುವುದು ಸುಲಭ. ಹೇಳಿ ಮುಗಿಸಿ, ಈಗ ಸ್ವಲ್ಪ ಸಮಾಧಾನವಾಯಿತು ಎಂದೆ.

ಖದೀಜಮ್ಮ ಬಾಚಣಿಗೆಯ ಕೂದಲು ತೆಗೆಯುತ್ತಾ ಹೇಳಿದರು: "ನಂಗೆ ಹೇಳಿ ನಿಂಗೆ ಸಮಾಧಾನ ಆತು. ಆ ಮುದುಕಿಗೆ ಎಂತ ಆತು?"



ಆದರೂ ಮನೆಗೆ ಬಂದವಳು ಬಾಯಿ ಬಿಡಲಿಲ್ಲ. ಕುಸುಮನದ್ದೂ ಇದೇ ಕಲ್ಲೇ ಎಂದು ಮೊದಲು ಖಾತ್ರಿಯಾಗಲಿ ಎಂದು ನೆಪ ಹೇಳಿಕೊಂಡೆ. ಪಿತ್ತಕೋಶ ತೆಗೆಯುವ ಆಪರೇಷನ್ ಆರು ವಾರದ ನಂತರ ಕುಮಟಾದಲ್ಲಿ ಎಂದು ನಿಗದಿಯಾಗಿತ್ತು. ಅಲ್ಲಿವರೆಗೆ ಅತ್ತೆ ನನ್ನ ಆರೈಕೆ ಮಾಡಿದರು. ಎಣ್ಣೆಯಿಲ್ಲದ ಪಲ್ಯ, ಮೆತ್ತಗಿನ ಅನ್ನ, ತೆಳುವಾದ ಸಾರು. ನೋಡಲು ಬಂದ ನೆಂಟರು ಅತ್ತೆಯ ಎದುರಲ್ಲೇ ನನಗೆ ಬುದ್ಧಿ ಹೇಳುತ್ತಿದ್ದರು: "ಪಥ್ಯದಲ್ಲಿರು ಮಾದೇವಿ. ಯಾರು ಎಂತ ಕೊಟ್ರೂ ಬಾಯಿಗೆ ಹಾಕ್ಬೇಡ. ಕುಸುಮನ ಕತೆ ಗೊತ್ತುಂಟಲ್ಲ." ಅತ್ತೆ ಅವರಿಗೂ ಚಹಾ ಮಾಡಿಕೊಡುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಒಂದು ಮಾತು ಸಾಕಿತ್ತು, ಆಡಲಿಲ್ಲ.

ಕುಮಟಾಕ್ಕೆ ಹೋಗುವ ದಿನ ಕುಸುಮನ ಕವರನ್ನು ಚೀಲಕ್ಕೆ ಹಾಕಿಕೊಂಡೆ. ಅದು ನನ್ನ ಸೀರೆಯ ಪೆಟ್ಟಿಗೆಯ ತಳದಲ್ಲಿತ್ತು. ಅವಳ ಗಂಡ ಕೇಳಿದಾಗ ಎಲ್ಲೋ ಕಳೆದುಹೋಯಿತು ಎಂದಿದ್ದೆ. ಯಾಕೆ ಹಾಗಂದೆ ಎಂದು ಈಗ ಯೋಚಿಸಿದರೆ, ನನ್ನೊಳಗೆ ಎಲ್ಲೋ ಒಂದು ಕಡೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದವಳು ಕವರನ್ನು ಯಾಕೆ ಬಚ್ಚಿಡುತ್ತಾಳೆ.

ಸರ್ಜನ್ ನಲವತ್ತರ ಗಂಡಸು, ನಗುಮುಖದವರು. ನನ್ನ ಕಾಗದ ನೋಡಿ ಆದಮೇಲೆ ಆ ಕವರನ್ನು ಮುಂದಿಟ್ಟೆ. ಅವರು ಫಿಲ್ಮನ್ನು ಬೆಳಕಿಗೆ ಹಿಡಿದರು.

"ಇವರದ್ದೂ ನಿಮ್ಮ ಹಾಗೇ. ನಾಳದಲ್ಲಿ ಕಲ್ಲು ಸಿಕ್ಕಿದೆ. ಕೂಡಲೇ ತೆಗೆಸ್ಬೇಕು ಅಂತ ಇಲ್ಲೇ ಬರೆದಿದಾರಲ್ಲ. ಯಾರು ಇವರು? ಆಪರೇಷನ್ ಆತಾ?"

"ಆಗ್ಲಿಲ್ಲ."

ಅವರು ತಾರೀಖು ನೋಡಿದರು. ಫಿಲ್ಮನ್ನು ನಿಧಾನವಾಗಿ ಕವರಿನೊಳಗೆ ಇಳಿಸಿದರು. ನಗು ಹೋಗಿತ್ತು.

"ಸಾರ್, ಈ ಕಾಯಿಲೆಯಲ್ಲಿ ಮೀನು ತಿಂದ್ರೆ ಜೀವ ಹೋಗ್ತದಾ?"

"ಒಂದು ತುಂಡು ಮೀನಿಂದ ಯಾರೂ ಸಾಯುದಿಲ್ಲ. ನಾಳ ಬಂದಾಗಿ, ಒಳಗೆ ಕೀವಾಗಿ, ಅದು ರಕ್ತಕ್ಕೆ ಹೋಗಿ ಸಾಯ್ತಾರೆ. ಹೊತ್ತಿಗೆ ಸರಿಯಾಗಿ ಬಂದ್ರೆ ಸಾಯುದಿಲ್ಲ."

ನನ್ನ ಗಂಡ ಪಕ್ಕದ ಕುರ್ಚಿಯಲ್ಲಿದ್ದರು. ಕವರನ್ನು ನಾನು ಕೈಗೆತ್ತಿಕೊಳ್ಳುವ ಮೊದಲು ಅವರೇ ತೆಗೆದುಕೊಂಡು ಅದರ ಮೇಲೆ ಬರೆದ ತಂಗಿಯ ಹೆಸರನ್ನು ಓದಿದರು. ಹೊರಗಿನ ಬೆಂಚಿಗೆ ಬಂದ ಮೇಲೆ ಹೇಳಿದರು: "ಅಮ್ಮಂಗೆ ನೀನೇ ಹೇಳ್ಬೇಕು. ನಾ ಹೇಳುದಿಲ್ಲ." ಅದೇ ಬೆಂಚಿನಲ್ಲಿ ಸ್ವಲ್ಪ ಆಚೆ ಸರಿದು ಕೂತರು.

ಆಪರೇಷನ್ ಚೆನ್ನಾಗಿಯೇ ಆಯಿತು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಮೂರನೇ ದಿನ ಮನೆ. ಹೊಟ್ಟೆಗೆ ತುಂಬಿಸಿದ ಗಾಳಿಯಿಂದ ಎರಡು ದಿನ ಹೆಗಲು ನೋಯುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಕೆಮ್ಮು ಬಂದರೆ ದಿಂಬು ಒತ್ತಿ ಹಿಡಿದು ಕೆಮ್ಮಿ. ಪಿತ್ತಕೋಶವಿಲ್ಲದೆ ಬದುಕಬಹುದಾ ಎಂದು ನಾನೂ ಕೇಳಿದ್ದೆ. ಬದುಕಬಹುದು. ಕಲ್ಲುಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಕಡಲೆಕಾಳಿನಷ್ಟು ದಪ್ಪದವು, ಕಂದು ಬಣ್ಣ, ಇಪ್ಪತ್ತಮೂರು. ನೆಂಟರಿಗೆ ಅದೊಂದು ನೋಡುವ ಸಾಮಾನಾಯಿತು. ಒಬ್ಬರಂತೂ ಅಲ್ಲಾಡಿಸಿ ಸದ್ದು ಕೇಳಿದರು. ನಾಲ್ಕನೇ ದಿನ ಡಬ್ಬಿಯನ್ನು ಬಾವಿಯಾಚೆಗಿನ ಹೊಂಡಕ್ಕೆ ಎಸೆದೆ.

ಹೊಲಿಗೆ ಬಿಚ್ಚಿದ ಮರುದಿನ ರವಿವಾರ. ಬೆಳಿಗ್ಗೆ ಶಿರಾಲಿಯಿಂದ ಗಂಡಹೆಂಡತಿ ಬಂದರು, ಹೆಂಡತಿಯ ಕಣ್ಣು ಹಳದಿ. ಮದ್ದು ಕೊಡುವುದು ಬಿಟ್ಟಿದ್ದೇನೆ, ಮೊದಲು ಸ್ಕ್ಯಾನಿಂಗ್ ಮಾಡಿಸಿ ಎಂದೆ. ಅವರಿಗೆ ಸಿಟ್ಟು ಬಂತು. "ಆಪರೇಷನ್ ಮಾಡಿಸ್ಕೊಂಡ ಕೂಡ್ಲೇ ದೊಡ್ಡ ಮನುಷ್ಯರಾದ್ರಿ," ಎಂದ ಗಂಡ. ಹೋಗುವಾಗ ಬೇರೆ ಊರಿನ ಮದ್ದಿನವರ ದಾರಿ ಕೇಳಿಕೊಂಡು ಹೋದರು. ನಾನು ಅಂಗಳದ ತುದಿಯವರೆಗೆ ಅವರ ಹಿಂದೆ ಹೋದೆ. ಅಲ್ಲಿಂದ ಮುಂದೆ ಹೋಗಲು ನನ್ನ ಹೊಟ್ಟೆಯೂ ಬಿಡಲಿಲ್ಲ, ಮುಖವೂ ಇರಲಿಲ್ಲ. ಅವರು ಆಮೇಲೆ ಏನಾದರು ಎಂದು ಗೊತ್ತಿಲ್ಲ.

ಅದೇ ದಿನ ಮಧ್ಯಾಹ್ನ, ಊಟವಾದ ಮೇಲೆ, ಹಿತ್ತಿಲ ಮೆಟ್ಟಿಲಲ್ಲಿ ಅತ್ತೆ ಸಣ್ಣ ಕತ್ತಿಯಿಂದ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತೆ. ಕವರು ನನ್ನ ಕೈಯಲ್ಲಿತ್ತು. ಮುನ್ನುಡಿ ಎಲ್ಲ ಯೋಚಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಅತ್ತೆ, ಕುಸುಮ ಸತ್ತದ್ದು ಮೀನಿಂದ ಅಲ್ಲ. ಅವ್ಳ ಹೊಟ್ಟೇಲಿ ನನ್ನದೇ ತರದ ಕಲ್ಲು ಇತ್ತು. ನಾ ಅವ್ಳನ್ನ ಆಸ್ಪತ್ರೆಗೆ ಬಿಟ್ಟಿದ್ರೆ ಬದುಕ್ತಿದ್ಳು."

ಅತ್ತೆಯ ಕೈ ನಿಲ್ಲಲಿಲ್ಲ. ಬೀಜ ಬಿಡಿಸುತ್ತಲೇ ಕೇಳಿದರು.

"ಈ ಕವರು ಆವಾಗ್ಲೇ ಇತ್ತಾ?"

"ಇತ್ತು."

"ನೀ ನೋಡಿದ್ಯಾ?"

"ನೋಡಿದ್ದೆ. ಅರ್ಥ ಆಗ್ಲಿಲ್ಲ. ಅರ್ಥ ಆಗುದು ಬೇಕೂ ಇರ್ಲಿಲ್ಲ."

"ಮತ್ತೆ ಅಂಗಳದಲ್ಲಿ ಅಷ್ಟು ಜನರ ಎದ್ರಿಗೆ..."

"ನನ್ನ ಮೇಲೆ ಬರುದು ಬೇಡ ಅಂತ ನಿಮ್ಮ ಮೇಲೆ ಹಾಕಿದೆ."

ಬೈಯಲಿ ಎಂದು ಕಾದೆ. ಕೈಯಲ್ಲಿದ್ದ ಕತ್ತಿಯ ಹಿಡಿಯಿಂದ ಎರಡು ಬಾರಿಸಿದ್ದರೂ ನನಗೆ ಒಳ್ಳೆಯದೇ ಆಗುತ್ತಿತ್ತು. ಅವರು ಹಾಗೇನೂ ಮಾಡಲಿಲ್ಲ. ಹುಣಸೆಹಣ್ಣು ಅಂಟಿದ ಬೆರಳುಗಳನ್ನು ಒಂದೊಂದಾಗಿ ಸೆರಗಿಗೆ ಒರೆಸಿಕೊಂಡರು.

"ಹಂಗಾರೆ ಮೀನಿಂದ ಅಲ್ಲ," ಎಂದರು.

"ಅಲ್ಲ."

"ಅವ್ಳು ಇನ್ನೊಂದು ತುಂಡು ಕೇಳಿದ್ಳು ಮಾದೇವಿ. ಅವತ್ತು. ಒಂದು ತಿಂದು ಮತ್ತೆ ಕೈ ಚಾಚಿದ್ಳು. ನಿನ್ನ ಹೆದ್ರಿಕೆಗೆ ನಾ ಅವ್ಳ ಕೈ ದೂಡಿ ಪಾತ್ರೆ ಎತ್ಕೊಂಡು ಹೋದೆ." ಅವರು ನನ್ನ ಮುಖ ನೋಡಿದರು. "ಕೊಡಬಹುದಿತ್ತಾ?"

ಅದೊಂದಕ್ಕೆ ಸುಳ್ಳು ಹೇಳಬಹುದಿತ್ತು. ನನಗೆ ಸುಳ್ಳು ಹೊಸದಲ್ಲ.

"ಕೊಡಬಹುದಿತ್ತು ಅತ್ತೆ," ಎಂದೆ.

ಅತ್ತೆ ಆಗ ಅತ್ತರು. ಮಗಳ ಹೆಣದ ಮುಂದೆ ಅವರು ಅತ್ತಿರಲಿಲ್ಲ. ತಾನೇ ಕೊಂದ ಮಗಳಿಗೆ ತಾನು ಹೇಗೆ ಅಳುವುದು ಎಂದು ಎರಡು ವರ್ಷ ಬಾಯಿ ಮುಚ್ಚಿ ಕೂತಿದ್ದರು. ಈಗ ಮೆಟ್ಟಿಲ ಮೇಲೆ ಎದೆ ಬಡಿದುಕೊಂಡು, ಕುಸುಮಾ, ಕುಸುಮಾ ಎಂದು ಕೂಗಿ ಅತ್ತರು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ಎಂತ ಆತು, ಯಾರಿಗೆ ಎಂತ ಆತು ಎಂದು ನನ್ನನ್ನು ಕೇಳಿದರು. ಕುಸುಮ ಸತ್ತಳು ಎಂದೆ.